ನಮೂನೆಯಲ್ಲಿಲ್ಲದ ಹೊಳೆ

ದಾವಣಗೆರೆಯಿಂದ ಹರಿಹರದ ಹೊಳೆದಂಡೆಯ ಊರಿಗೆ ನಾನು ಆರೋಗ್ಯ ಸಮೀಕ್ಷೆಯ ನಮೂನೆ ಹಿಡಿದು ಹೋಗಿದ್ದೆ. ವಯಸ್ಸು, ಆದಾಯ, ಕಾಯಿಲೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಒಬ್ಬ ಅಜ್ಜಿ ಕೇಳಿದರು: “ಇದ್ರಾಗ ಹೊಳಿ ಎಲ್ಲೈತಪ್ಪ?”

ಅಜ್ಜಿಯ ಪ್ರಶ್ನೆಗೆ ಚರಿತ್ರೆಯಿದೆ. ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಮರದಿಂದ ರೇಯಾನ್ ತಿರುಳು ತೆಗೆಯುವ ಕಾರ್ಖಾನೆ. ಅದರ ತ್ಯಾಜ್ಯ ಸೇರುತ್ತಿದ್ದುದು ತುಂಗಭದ್ರೆಗೆ. ನೀರಿನ ಬಣ್ಣ ತಿರುಗಿದ್ದನ್ನು, ಮೀನು ಸತ್ತು ತೇಲಿದ್ದನ್ನು ಮೊದಲು ಕಂಡು ದೂರಿದವರು ದಂಡೆಯ ರೈತರು, ಮೀನುಗಾರರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಆ ಅನುಭವವನ್ನೇ ಸಾಕ್ಷ್ಯವೆಂದು ಹಿಡಿದು ಹೋರಾಡಿತು.

ಸಮುದಾಯ ಸಹಭಾಗಿತ್ವದ ಸಂಶೋಧನೆ ಎಂಬ ಹೆಸರನ್ನು ನಾನು ತರಗತಿಯಲ್ಲಿ ಕಲಿತೆ. ಕೆಲಸವನ್ನು ಈ ಊರುಗಳು ಆಗಲೇ ಮಾಡಿದ್ದವು. ಈಗ ನಮೂನೆಯನ್ನು ಅವರ ಕಟ್ಟೆಯ ಮೇಲೆ ಕೂತೇ ತಿದ್ದುತ್ತಿದ್ದೇನೆ. ಮೊದಲ ಪ್ರಶ್ನೆ ಹೊಳೆಯದು.