ವಾದದಲ್ಲಿ ಗೆದ್ದರೂ ವಾಲಿ ಸಾಯಲೇಬೇಕು

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಯೋಧ, ಇನ್ನೊಬ್ಬ ಮಾಂತ್ರಿಕ. ವೇಷವಿಲ್ಲ, ರಂಗವಿಲ್ಲ, ಎಲ್ಲವೂ ಮಾತಿನಲ್ಲೇ. ಕಥೆ ನಡೆಸಲು ಒಬ್ಬ ಯಜಮಾನನಿರುತ್ತಾನೆ. ಏಟು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಇದು ಕನ್ನಡಿಗರಿಗೆ ತೀರ ಹೊಸದೇನಲ್ಲ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಹಾಡುತ್ತ, ಪಾತ್ರಗಳನ್ನು ಮಾತಿಗೆಳೆಯುತ್ತ ಆಟ ನಡೆಸುವ ಭಾಗವತ ಗೊತ್ತು. ಆದರೆ ಪಾರಿಜಾತಕ್ಕೆ ವೇಷ ಬೇಕು, ಕುಣಿತ ಬೇಕು. ಕೂತಲ್ಲೇ ನಡೆಯುವ ಆಟವೆಂದರೆ ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಆಗಿನ ಕಲೆ ಈಗಿನಂತೆಯೇ ಇತ್ತೆಂದು ಇಷ್ಟರಿಂದಲೇ ಹೇಳಲಾಗದು.

ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿಡುವ ಮಳೆಗಾಲವೇ ತಾಳಮದ್ದಳೆಯ ಸುಗ್ಗಿ. ಪಂಚೆ, ಶಾಲು ಹೊದ್ದ ಅರ್ಥಧಾರಿಗಳು ಎದುರು ಬದುರಾಗಿ ಕೂರುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡಿದ ಮೇಲೆ ಪಾತ್ರಧಾರಿ ಅದರ ಅರ್ಥ ಹೇಳಬೇಕು. ಪದ್ಯ ಪುಸ್ತಕದಲ್ಲಿದೆ. ಮಾತು ಮಾತ್ರ ಎಲ್ಲೂ ಬರೆದಿಲ್ಲ.

ವಾಲಿವಧೆಯನ್ನೇ ನೋಡಿ. ಮರೆಯಿಂದ ಬಂದ ಬಾಣ ತಿಂದು ಬಿದ್ದ ವಾಲಿ ಕೇಳುತ್ತಾನೆ: ನಿನಗೂ ನನಗೂ ಹಗೆ ಏನಿತ್ತು? ಅಡಗಿ ಹೊಡೆಯುವುದು ಯಾವ ಕ್ಷತ್ರಿಯನ ಧರ್ಮ? ಸೀತೆಯನ್ನು ತಾ ಎಂದು ನನ್ನನ್ನೇ ಕೇಳಬಾರದಿತ್ತೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆಯಲ್ಲ ಎಂದು ರಾಮ ತಿರುಗಿ ಕೇಳಿದರೆ, ಮನುಷ್ಯರ ಕಟ್ಟಳೆ ಕಪಿಗಳಿಗೇಕೆ ಎಂಬ ಮಾತು ಸಿದ್ಧ. ಎದುರಾಳಿ ಏನು ಕೇಳುವನೆಂದು ರಾಮನ ಅರ್ಥಧಾರಿಗೆ ಮೊದಲೇ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕೂತರೆ ರಾಮನಿಗೆ ನಿಜವಾದ ಪರೀಕ್ಷೆಯೇ. ಸಭೆ ವಾಲಿಯ ಕಡೆ ವಾಲುವುದೂ ಉಂಟು. ಆದರೂ ವಾಲಿ ಸಾಯಲೇಬೇಕು, ರಾಮನೆದುರು ಬಾಗಲೇಬೇಕು. ಅಮೆರಿಕದ ಆಟಗಾರ ದಾಳದ ಪುಣ್ಯದಿಂದ ಬದುಕಿಯಾನು, ಇಲ್ಲಿ ಆ ಅವಕಾಶವಿಲ್ಲ. ಗೆದ್ದ ವಾದವನ್ನು ಸೋಲಿಗೆ ಒಗ್ಗಿಸುವ ಈ ಇಕ್ಕಟ್ಟಿನಲ್ಲೇ ತಾಳಮದ್ದಳೆಯ ರುಚಿಯಿದೆ.

ಅದನ್ನು ದಡ ಸೇರಿಸುವ ಹೊಣೆ ಭಾಗವತರದು. ಅವರು ವಾದಕ್ಕಿಳಿಯುವುದಿಲ್ಲ, ತೀರ್ಪು ಕೊಡುವುದಿಲ್ಲ. ಚರ್ಚೆ ಹಟಕ್ಕೆ ತಿರುಗಿದರೆ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಎಷ್ಟೇ ದೊಡ್ಡ ಮಾತುಗಾರನಾದರೂ ಆಗ ಸುಮ್ಮನಾಗಬೇಕು. ಒಂದು ಗಳಿಗೆ ಮೊದಲೇ ಎತ್ತಿದರೆ ಒಳ್ಳೆಯ ಮಾತು ಕತ್ತರಿಸಿ ಹೋಗುತ್ತದೆ, ತಡವಾದರೆ ಕೂಟ ಕೆಡುತ್ತದೆ. ಹಿಂದೆ ಬೆಳಗಿನವರೆಗೆ ನಡೆಯುತ್ತಿದ್ದ ಕೂಟಗಳು ಈಗ ಹೆಚ್ಚಾಗಿ ಮೂರು ನಾಲ್ಕು ತಾಸಿಗೆ ಮುಗಿಯುತ್ತವೆ. ಹಾಗಾಗಿ ಯಾವ ಪದ್ಯ ಹಾಡಬೇಕು, ಯಾವುದನ್ನು ಬಿಡಬೇಕು ಎಂದು ಭಾಗವತರು ಮೊದಲೇ ಗುರುತು ಮಾಡಿಟ್ಟುಕೊಳ್ಳುತ್ತಾರೆ. ಬಿಟ್ಟ ಪದ್ಯದ ಜೊತೆಗೆ ವಾಲಿಯ ಒಂದು ಪ್ರಶ್ನೆಯೂ ಹೋಗುತ್ತದೆ.