ಕಾಡಲ್ಲಿ ಉದುರಿ ಬಿದ್ದ ಕೊಂಬು ಯಾರದು?

ಕಡವೆ, ಚುಕ್ಕೆ ಜಿಂಕೆಗಳ ಕೊಂಬು ಶಾಶ್ವತ ಅಲ್ಲ. ಉದುರುತ್ತದೆ, ಮತ್ತೆ ಹೊಸದು ಚಿಗುರುತ್ತದೆ. ಕಡವೆಯದು ಹೆಚ್ಚಾಗಿ ಬೇಸಿಗೆ ಹೊತ್ತಿಗೆ ಬೀಳುತ್ತದೆ. ಕಾಡುಕೋಣದ್ದು ಹಾಗಲ್ಲ, ಎಮ್ಮೆ ಕೊಂಬಿನ ಹಾಗೆ ಸಾಯುವವರೆಗೂ ತಲೆ ಮೇಲೇ ಇರುತ್ತದೆ. ಕಾಡುಕೋಣದ ಕೊಂಬು ಒಬ್ಬರ ಕೈಯಲ್ಲಿದೆ ಅಂದರೆ ಪ್ರಾಣಿ ಸತ್ತಿದೆ ಅಂತಲೇ ಅರ್ಥ.

ಖಾನಾಪುರ ತಾಲ್ಲೂಕಿನ ಗುಂಜಿ ಹೋಬಳಿಯ ಸುತ್ತ ಕಟ್ಟಿಗೆಗೋ ಸೀಗೆಕಾಯಿಗೋ ಕಾಡಿಗೆ ಹೋದವರಿಗೆ ಇಂಥದ್ದು ಸಿಗುವುದು ಹೊಸದಲ್ಲ. ಪ್ರಾಣಿಯನ್ನು ನಾವು ಕೊಂದಿಲ್ಲ, ಬಿದ್ದದ್ದನ್ನು ಎತ್ತಿಕೊಂಡೆವು, ಇದರಲ್ಲಿ ಏನು ತಪ್ಪು? ಬಹಳ ಜನ ಕೇಳುವ ಪ್ರಶ್ನೆ ಇದು. ಕಾನೂನಿನ ಉತ್ತರ ಚಿಕ್ಕದು: ಅದು ಸರ್ಕಾರದ ಸ್ವತ್ತು. ಆದರೆ ಈ ಉತ್ತರ ಬಂದ ದಾರಿ ಉದ್ದ ಇದೆ.

ಹಿಂದೆ ಹಳ್ಳಿಗಳಲ್ಲಿ ಕೊಂಬು ಮನೆಬಳಕೆಯ ವಸ್ತು. ಗೋಡೆಗೆ ಬಡಿದರೆ ರುಮಾಲು, ಚೀಲ ತೂಗುಹಾಕುವ ಗೂಟ. ತುಂಡು ಮಾಡಿದರೆ ಚೂರಿಯ ಹಿಡಿ. ಕಲ್ಲಿನ ಮೇಲೆ ತೇಯ್ದರೆ ತಲೆನೋವಿಗೆ ಹಚ್ಚುವ ಲೇಪ. ಆಯುರ್ವೇದದಲ್ಲಿ ಶೃಂಗ ಭಸ್ಮ ಅಂತ ಔಷಧಿಯೇ ಇದೆ. ಆಗ ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸರ್ಕಾರ ಮೊದಲು ಕಣ್ಣು ಹಾಕಿದ್ದು ಆನೆ ದಂತದ ಮೇಲೆ. ಪರವಾನಗಿ ಇಲ್ಲದೆ ಕೊಂದ ಕಾಡಾನೆಯ ದಂತ ಸರ್ಕಾರದ್ದು ಎಂದು 1879ರ ಆನೆ ಸಂರಕ್ಷಣಾ ಕಾಯ್ದೆ ಹೇಳಿತು. 1927ರ ಭಾರತೀಯ ಅರಣ್ಯ ಕಾಯ್ದೆ ಚರ್ಮ, ದಂತ, ಕೊಂಬು, ಎಲುಬು, ಜೇನು, ಮೇಣ ಎಲ್ಲವನ್ನೂ ಕಾಡಿನೊಳಗೆ ಸಿಕ್ಕರೆ 'ಅರಣ್ಯ ಉತ್ಪನ್ನ' ಎಂದು ಕರೆಯಿತು. ಅಂದರೆ ಸಾಗವಾನಿ ದಿಮ್ಮಿಯ ಸಾಲಿಗೇ ಕೊಂಬೂ ಸೇರಿತು. ಪ್ರಾಣಿಯ ಮೇಲಿನ ಮರುಕದಿಂದ ಬಂದ ನಿಯಮ ಅಲ್ಲ ಇದು, ಕಾಡಿನ ಆದಾಯದ ಲೆಕ್ಕದಿಂದ ಬಂದದ್ದು. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲೂ ಅದೇ ಪಟ್ಟಿ ಮುಂದುವರಿಯಿತು.

ಅದೇ ಕಾಲದಲ್ಲಿ ಸಾಹೇಬರ, ಸಂಸ್ಥಾನಿಕರ ಗೋಡೆಗಳು ತುಂಬುತ್ತಿದ್ದವು. ಜೋತಿಬಾಗೆ, ಮಹಾಲಕ್ಷ್ಮಿಗೆ ಹೋದಾಗ ಕೊಲ್ಹಾಪುರದ ನ್ಯೂ ಪ್ಯಾಲೇಸ್ ನೋಡಿದವರಿಗೆ ಗೊತ್ತು, ಹುಲ್ಲು ತುಂಬಿಟ್ಟ ಪ್ರಾಣಿಗಳು ಅಲ್ಲಿ ಎಷ್ಟಿವೆ ಅಂತ. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ 20ನೇ ಶತಮಾನದುದ್ದಕ್ಕೂ ಇದೇ ಕೆಲಸ ಮಾಡಿತು. ಅವರ ಕೈಯಲ್ಲಿ ತಯಾರಾದ ಹುಲಿ, ಚಿರತೆಗಳೇ ಸುಮಾರು 43,000.

ವಿಜ್ಞಾನದ ಹೆಸರಿನಲ್ಲೂ ಸಂಗ್ರಹ ನಡೆಯಿತು. ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಸಸ್ತನಿಗಳ ಸಮೀಕ್ಷೆ ಶುರು ಮಾಡಿ, ಊರೂರಿನಿಂದ ಚರ್ಮ, ತಲೆಬುರುಡೆ ತರಿಸಿತು. ನಮ್ಮ ತಳೇವಾಡಿ ಹತ್ತಿರದ ಬಾರಾಪೆಡೆ ಗುಹೆಯ ಬಾವಲಿ ಲೋಕಕ್ಕೆ ಗೊತ್ತಾದದ್ದು ಆ ದಿನಗಳಲ್ಲೇ. 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ರಾಟನ್ ಅವರ ಹೆಸರಿಟ್ಟರು. ಗುಹೆ ಖಾನಾಪುರದ್ದು, ಹೆಸರು ಮಾತ್ರ ಸಾಹೇಬರದ್ದು! ಇರಲಿ, ಆ ಸಂಗ್ರಹ ಇಲ್ಲದಿದ್ದರೆ ಅದೊಂದು ಬೇರೆಯೇ ಜಾತಿ ಅಂತ ಗೊತ್ತಾಗುವುದೂ ಕಷ್ಟವಿತ್ತು.

ಬೆಳಗಾವಿ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿ 1951ರ ಮುಂಬೈ ವನ್ಯಪ್ರಾಣಿ ಕಾಯ್ದೆ ನಡೆಯುತ್ತಿತ್ತು. ಆಮೇಲೆ ಬಂದದ್ದು ಇಡೀ ದೇಶದ ಕಾನೂನು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದು ಬಂದ ದಿನವೇ ಶಿಕಾರಿ ನಿಂತಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅದರಲ್ಲೇ ಅವಕಾಶವಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ.

ಆದರೆ ಸತ್ತು ಬಿದ್ದ ಪ್ರಾಣಿಯ ವಿಷಯದಲ್ಲಿ ಕಾಯ್ದೆ ಬಿಗಿಯಾಗಿದೆ. 39ನೇ ಕಲಂ ಪ್ರಕಾರ ಸತ್ತು ಸಿಕ್ಕ ಕಾಡುಪ್ರಾಣಿಯೂ ಅದರ ಕೊಂಬು, ಚರ್ಮ, ಮಾಂಸವೂ ಸರ್ಕಾರದ್ದು. ರೈಲಿಗೆ ಸಿಕ್ಕು ಸತ್ತರೂ ಅಷ್ಟೇ, ಬಾವಿಗೆ ಬಿದ್ದು ಸತ್ತರೂ ಅಷ್ಟೇ. ಅಂಥದ್ದು ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಿ ಒಪ್ಪಿಸಬೇಕು. ಬದುಕಿರುವ ಜಿಂಕೆ ಉದುರಿಸಿದ ಕೊಂಬಾದರೆ? ಅದು 'ಅರಣ್ಯ ಉತ್ಪನ್ನ' ಎಂಬ ಹಳೇ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯದ ಒಳಗಾದರೆ ಅನುಮತಿ ಇಲ್ಲದೆ ಏನನ್ನೂ ಒಯ್ಯುವಂತಿಲ್ಲ.

ಇಷ್ಟು ಬಿಗಿ ಯಾಕೆ ಬೇಕು? ಕೊಂಬಿನ ಬುಡ ನೋಡಿದರೆ ಸಾಕ್ಷಿ ಸಿಗುತ್ತದೆ. ತಾನಾಗಿ ಉದುರಿದ್ದರ ಬುಡ ದುಂಡಗೆ, ಸುತ್ತ ಬಳೆಯಂಥ ಉಬ್ಬು. ಕೊಂದು ತೆಗೆದದ್ದರಲ್ಲಿ ತಲೆಬುರುಡೆಯ ತುಂಡು ಅಂಟಿಕೊಂಡಿರುತ್ತದೆ. ಆದರೆ ಕೊಯ್ದು ಚೂರಿ ಹಿಡಿ ಮಾಡಿದ ಮೇಲೆ ಯಾವುದು ಯಾವುದೆಂದು ಯಾರು ಹೇಳಬೇಕು? ಉದುರಿದ ಕೊಂಬಿನ ವ್ಯಾಪಾರಕ್ಕೆ ಬಿಟ್ಟರೆ ಕೊಂದ ಜಿಂಕೆಯ ಕೊಂಬೂ ಅದೇ ಚೀಲದಲ್ಲಿ ಪೇಟೆಗೆ ಬರುತ್ತದೆ. ಅಸ್ಸಾಂ ಸರ್ಕಾರ 2021ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಘೇಂಡಾಮೃಗದ ಕೊಂಬುಗಳನ್ನು ಮಾರದೆ ಸುಟ್ಟುಹಾಕಿತು. ಕೊಂಬಿಗೆ ಬೆಲೆಯೇ ಇಲ್ಲ ಎಂದು ತೋರಿಸಬೇಕಿತ್ತು. ಈ ಮಟ್ಟಿಗೆ ಕಾನೂನು ಸರಿ ಅಂತಲೇ ನನ್ನ ಅಭಿಪ್ರಾಯ. ಅಂದಹಾಗೆ ಬಿದ್ದ ಕೊಂಬು ಕಾಡಿಗೆ ದಂಡವೂ ಅಲ್ಲ, ಸುಣ್ಣದಂಶಕ್ಕಾಗಿ ಮುಳ್ಳುಹಂದಿ ಅದನ್ನು ಕಡಿದು ತಿನ್ನುತ್ತದೆ.

ನನ್ನ ತಕರಾರು ಇರುವುದು ಹಳೇ ಕೊಂಬುಗಳ ಬಗ್ಗೆ. 1972ರ ಕಾಯ್ದೆ ಜಾರಿಯಾದಾಗ ಮುಖ್ಯ ಸಂರಕ್ಷಿತ ಪ್ರಾಣಿಗಳ ವಸ್ತು ಇದ್ದವರು 30 ದಿನದೊಳಗೆ ಘೋಷಿಸಿಕೊಳ್ಳಬೇಕಿತ್ತು. ಘೋಷಿಸಿದರೆ ಮಾಲೀಕತ್ವದ ಪ್ರಮಾಣಪತ್ರ ಪಡೆಯಲು ದಾರಿ. 2003ರಲ್ಲಿ ಕೇಂದ್ರ ಸರ್ಕಾರ ಮತ್ತೊಮ್ಮೆ 180 ದಿನ ಕೊಟ್ಟಿತು. ಈ ಎರಡೂ ಸಲ ಸುದ್ದಿ ಮುಟ್ಟಿದ್ದು ಯಾರಿಗೆ? ಗೆಜೆಟ್ ಓದುವವರಿಗೆ, ವಕೀಲರಿದ್ದವರಿಗೆ. ಬಂಗಲೆಯ ಹುಲಿ ಚರ್ಮಕ್ಕೆ ಕಾಗದ ಸಿಕ್ಕಿತು, ರೈತನ ಅಟ್ಟದ ಮೇಲಿನ ಕೊಂಬಿಗೆ ಸಿಗಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಟಿವಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪೆಂಡೆಂಟ್‌ಗಾಗಿ ಬಂಧನಕ್ಕೊಳಗಾದ ಮೇಲೆ ರಾಜ್ಯದ ತುಂಬ ಹೆದರಿಕೆ ಹಬ್ಬಿದ್ದು ನಿಮಗೆ ನೆನಪಿರಬಹುದು. ಮನೆಯಲ್ಲಿದ್ದದ್ದನ್ನು ಒಪ್ಪಿಸಲು 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೂರು ತಿಂಗಳ ಅವಕಾಶ ಪ್ರಕಟಿಸಿತು. ಆ ಅವಧಿಯೂ ಕಳೆದುಹೋಗಿದೆ.

ಶಿಕ್ಷೆ ಸಣ್ಣದಲ್ಲ. ಹುಲಿ, ಚಿರತೆ, ಆನೆ, ಕಾಡುಕೋಣದಂಥ ಮೊದಲ ಪಟ್ಟಿಯ ಪ್ರಾಣಿಯದಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ವಸ್ತು ನಿಮ್ಮ ಬಳಿ ಸಿಕ್ಕರೆ ಅದು ಅಕ್ರಮ ಅಲ್ಲ ಅಂತ ತೋರಿಸುವ ಹೊಣೆ 57ನೇ ಕಲಂ ಪ್ರಕಾರ ನಿಮ್ಮ ಮೇಲೆಯೇ. 'ಅಜ್ಜನ ಕಾಲದ್ದು' ಎಂಬ ಬಾಯಿಮಾತು ಅಲ್ಲಿ ನಡೆಯುವುದಿಲ್ಲ. ನವಿಲುಗರಿ ಇದ್ದರೆ ಗಾಬರಿ ಬೇಡ, ತಾನಾಗಿ ಉದುರಿದ ಬಾಲದ ಗರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ.

ಕಾಡಿನಲ್ಲಿ ಕೊಂಬು ಕಂಡರೆ ಮುಟ್ಟಬೇಡಿ. ಸತ್ತ ಪ್ರಾಣಿ ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಮಾಡಿದ ಸಮಯ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಕಾಗದವಿಲ್ಲದ ಹಳೇ ಕೊಂಬಿದ್ದರೆ ಮಾರಲು, ಕೈ ಬದಲಿಸಲು ಹೋಗಬೇಡಿ. ವಕೀಲರೊಬ್ಬರನ್ನು ಕೇಳಿಕೊಂಡು ಇಲಾಖೆಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯದು. ಪ್ರಮಾಣಪತ್ರ ಇದ್ದವರ ಮನೆಯಲ್ಲಿ ಅದು ಯಾರ ಹೆಸರಿನಲ್ಲಿದೆ ಎಂದು ಇವತ್ತೇ ನೋಡಿ. ಆ ಹಿರಿಯರು ತೀರಿಕೊಂಡಿದ್ದರೆ, ವಾರಸುದಾರರು 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು.