ಕನ್ನಡದಲ್ಲಿ ಗೇಮ್ ಮಾತು: ಟಿವಿ ಗೇಮ್‌ನಿಂದ ಮೊಬೈಲ್‌ವರೆಗೆ

ಆಡುತ್ತಿರುವ ವಿಡಿಯೊ ಗೇಮ್ ಹೇಗಿದೆ ಎಂದು ಆಟಗಾರರು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಮಾತಿಗೆ ಕನ್ನಡದಲ್ಲಿ ಸುಮಾರು ಮೂರು ದಶಕಗಳ ಚರಿತ್ರೆ ಇದೆ. ಬೇರೆ ದೇಶಗಳಲ್ಲಿ ಈ ಅಭಿಪ್ರಾಯ ಬೇಗನೆ ಅಚ್ಚಿಗೆ ಹೋಯಿತು. ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಪತ್ರಿಕೆ 1981ರಲ್ಲೇ ಶುರುವಾಯಿತು. ಜಪಾನಿನಲ್ಲಿ 1986ರಲ್ಲಿ ಹುಟ್ಟಿ ಮುಂದೆ ‘ಫಾಮಿತ್ಸು’ ಎಂದು ಹೆಸರಾದ ಪತ್ರಿಕೆ, ಒಂದೊಂದು ಗೇಮನ್ನೂ ನಾಲ್ವರಿಗೆ ಆಡಲು ಕೊಟ್ಟು, ತಲಾ ಹತ್ತರಂತೆ ನಲವತ್ತಕ್ಕೆ ಅಂಕ ಹಾಕಿಸುವ ಪದ್ಧತಿಯಿಂದ ಪ್ರಸಿದ್ಧವಾಯಿತು. ಕನ್ನಡದಲ್ಲಿ ಅಂಥ ಪತ್ರಿಕೆ ನೆಲೆಯೂರಲಿಲ್ಲ. ಇಲ್ಲಿ ಗೇಮಿನ ವಿಮರ್ಶೆ ಬಾಯಿಮಾತಿನಲ್ಲೇ ಬೆಳೆಯಿತು. ಅದನ್ನು ಯಾರೂ ವಿಮರ್ಶೆ ಎಂದು ಕರೆಯಲಿಲ್ಲ, ಆದರೆ ವಿಮರ್ಶೆ ಮಾಡಬೇಕಾದ ಕೆಲಸವನ್ನೆಲ್ಲ ಅದು ಮಾಡಿತು. ಯಾವ ಗೇಮ್ ಆಡಬಹುದು, ಎಲ್ಲಿಗೆ ಬಂದಾಗ ಬೇಜಾರು ಹಿಡಿಸುತ್ತದೆ, ಕೊಟ್ಟ ಕಾಸಿಗೆ ಮೋಸವಿಲ್ಲವೇ ಎಂಬುದನ್ನೆಲ್ಲ ಅದೇ ತೀರ್ಮಾನಿಸಿತು.

ಈ ಬೆಳವಣಿಗೆಯನ್ನು ಗಮನಿಸಲು ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಸೀಮೆ ಒಳ್ಳೆಯ ಜಾಗ. ತುಮಕೂರಿಗೂ ಬೆಂಗಳೂರಿಗೂ ಎಪ್ಪತ್ತು ಕಿಲೋಮೀಟರ್ ದೂರ. ರಾಜಧಾನಿಗೆ ಬಂದ ಹೊಸದೆಲ್ಲ ಬೇಗ ಇಲ್ಲಿಗೂ ಬರುತ್ತದೆ. ಆದರೆ ಅದು ಬರುವುದು ಅಗ್ಗದ ಯಂತ್ರದಲ್ಲಿ, ಹಲವರು ಹಂಚಿಕೊಂಡು ಬಳಸುವ ಯಂತ್ರದಲ್ಲಿ. ಇಲ್ಲಿನ ಅಭಿಪ್ರಾಯದಲ್ಲಿ ಗೇಮ್ ಎಷ್ಟು ಮುಖ್ಯವೋ ಅದು ಓಡುವ ಯಂತ್ರವೂ ಅಷ್ಟೇ ಮುಖ್ಯ.

ಆಟದ ಪಕ್ಕ ನಿಂತು ಮಾತಾಡುವುದೇನೂ ವಿಡಿಯೊ ಗೇಮ್ ಜೊತೆಗೆ ಬಂದದ್ದಲ್ಲ. ಚೌಕಾಬಾರದ ಮನೆ ಬರೆದ ಜಗಲಿಯಲ್ಲಿ ನಾಲ್ವರು ಆಡಿದರೆ ಉಳಿದವರು ಕಾಯಿ ನಡೆಸುವುದನ್ನು ಹೇಳಿಕೊಡುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕ ನಿಧಿಯಲ್ಲಿ ಮಣೆ ಆಟಗಳ ವಿವರವಿದೆ. ಆಟವನ್ನು ಬರೆದಿಡುವ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ ಎನ್ನಲು ಅಷ್ಟು ಸಾಕು.

ವಿಡಿಯೊ ಗೇಮ್ ಮನೆಮನೆಗೆ ಬಂದದ್ದು 1990ರ ದಶಕದಲ್ಲಿ, ‘ಟಿವಿ ಗೇಮ್’ ಎಂಬ ಹೆಸರಿನಲ್ಲಿ. ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳಿವು. ಕ್ಯಾಸೆಟ್ ಮೇಲೆ ‘99999 ಇನ್ 1’ ಎಂದು ಅಚ್ಚಾಗಿದ್ದರೂ ಒಳಗಿರುತ್ತಿದ್ದದ್ದು ಬೆರಳೆಣಿಕೆಯ ಗೇಮ್‌ಗಳು, ಅವೇ ಮತ್ತೆಮತ್ತೆ. ತುಮಕೂರಿನಿಂದ ಬಸ್ಸಿನಲ್ಲಿ ಬಂದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಾಲ್ನಡಿಗೆಯ ದೂರ. ಕ್ಯಾಸೆಟ್, ರಿಮೋಟು, ಮುಂದೆ ಸಿಡಿಗಳ ದೊಡ್ಡ ಪೇಟೆಯಾಗಿತ್ತು ಅದು. ಯಾವ ಕ್ಯಾಸೆಟ್ ತರಬೇಕು ಎಂಬುದು ಊರಲ್ಲೇ ತೀರ್ಮಾನವಾಗಿರುತ್ತಿತ್ತು, ಮೊದಲೇ ಆಡಿದ್ದ ಹುಡುಗರ ಮಾತಿನ ಮೇಲೆ.

ಆ ಕಾಲದ ಮಾತು ಹೇಗೆ ಹರಡುತ್ತಿತ್ತು ಎಂಬುದಕ್ಕೆ ‘ಕಾಂಟ್ರಾ’ ಗೇಮ್ ಒಳ್ಳೆಯ ಉದಾಹರಣೆ. ಮೂರು ಜೀವದಲ್ಲಿ ಅದನ್ನು ಮುಗಿಸುವುದು ಬಹಳ ಕಷ್ಟ. ಶುರುವಿನ ಪರದೆ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಗುಂಡಿ ಒತ್ತಿದರೆ ಮೂವತ್ತು ಜೀವ ಸಿಗುತ್ತಿದ್ದವು. ಗೇಮ್ ತಯಾರಿಸಿದ ಕೊನಾಮಿ ಕಂಪನಿಯವರದೇ ಗುಟ್ಟು ಅದು. ಕೈಪಿಡಿ ಇಲ್ಲದ, ಡಬ್ಬದ ಮೇಲೆ ಕನ್ನಡದ ಒಂದಕ್ಷರವೂ ಇಲ್ಲದ ನಕಲು ಕ್ಯಾಸೆಟ್‌ಗಳ ಲೋಕದಲ್ಲಿ ಈ ಸಾಲು ಮಗ್ಗಿಯಂತೆ ಬಾಯಿಂದ ಬಾಯಿಗೆ ದಾಟಿತು. ಗೇಮ್ ಚೆನ್ನಾಗಿದೆ ಎಂದು ಹೇಳುವುದಕ್ಕೂ ಅದನ್ನು ಗೆಲ್ಲುವ ದಾರಿ ಹೇಳಿಕೊಡುವುದಕ್ಕೂ ಆಗ ವ್ಯತ್ಯಾಸವೇ ಇರಲಿಲ್ಲ. ಹೇಳಿಕೊಡಬಲ್ಲವನ ಅಭಿಪ್ರಾಯಕ್ಕೇ ಬೆಲೆ.

2000ದ ನಂತರ ಮಾತು ಸೈಬರ್ ಸೆಂಟರ್‌ಗಳಿಗೂ ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೂ ಬಂತು. ಅಲ್ಲಿ ದುಡ್ಡು ಕೊಡಬೇಕಾದದ್ದು ಗಂಟೆಯ ಲೆಕ್ಕಕ್ಕೆ. ಈ ಗಂಟೆಯ ಲೆಕ್ಕವೇ ಗೇಮಿನ ಬೆಲೆ ಕಟ್ಟಿತು. 2000ದ ಕೊನೆಯಲ್ಲಿ ಬಂದ ‘ಪ್ರಾಜೆಕ್ಟ್ ಐಜಿಐ’ಯಲ್ಲಿ ಹದಿನಾಲ್ಕು ಮಿಷನ್‌ಗಳಿದ್ದವು, ಮಿಷನ್ ನಡುವೆ ಸೇವ್ ಮಾಡುವ ಅವಕಾಶ ಇರಲಿಲ್ಲ. ಮನೆಯಲ್ಲಿ ಆಡುವವನಿಗೆ ಅದು ಕಿರಿಕಿರಿ. ಗಂಟೆಗೆ ಇಷ್ಟು ಎಂದು ಕೊಟ್ಟು ಕೂತವನಿಗೆ, ಕೊನೆಯ ಗೇಟಿನ ಹತ್ತಿರ ಗುಂಡು ತಾಗಿದರೆ, ಕೊಟ್ಟ ದುಡ್ಡಿನ ಅರ್ಧ ಹೋದಂತೆ. ಹಾಗಿದ್ದೂ ಐಜಿಐ ಭಾರತದಲ್ಲಿ ಪಡೆದ ಪ್ರೀತಿ ಅಸಾಧಾರಣವಾದದ್ದು. ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತಿತ್ತು ಎಂಬುದು ಒಂದು ಕಾರಣ. ಇನ್ನೊಂದು, ಹಿಂದೆ ನಿಂತು ನೋಡುವವರಿಗೂ ಅದರಲ್ಲಿ ಕೆಲಸವಿತ್ತು. ಕಾವಲುಗಾರ ಎಲ್ಲಿದ್ದಾನೆ, ಕ್ಯಾಮೆರಾ ಯಾವ ಕಡೆ ತಿರುಗಿದೆ, ಏಣಿ ಎಲ್ಲಿದೆ ಎಂದು ಕೂಗಿ ಹೇಳಬಹುದಿತ್ತು.

2002ರ ‘ಜಿಟಿಎ ವೈಸ್ ಸಿಟಿ’ಯ ಬಗ್ಗೆ ನಡೆದ ಮಾತು ಇನ್ನೊಂದು ಬಗೆಯದು. ಇಲ್ಲಿ ಬಹುತೇಕರು ಅದರ ಕಥೆಯನ್ನು ಆಡಲೇ ಇಲ್ಲ. ಟ್ಯಾಂಕ್ ತರಿಸುವ ‘ಪ್ಯಾಂಜರ್’, ಆರೋಗ್ಯ ತುಂಬಿಸುವ ‘ಆಸ್ಪಿರಿನ್’, ಪೊಲೀಸರನ್ನು ಓಡಿಸುವ ‘ಲೀವ್ ಮಿ ಅಲೋನ್’ ಮೊದಲಾದ ಚೀಟ್ ಕೋಡ್‌ಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡು ಊರು ಸುತ್ತಿದರು. ಇಂಗ್ಲಿಷ್ ಸಂಭಾಷಣೆ ಅರ್ಥವಾಗದಿದ್ದರೂ ಮಿಯಾಮಿಯಂಥ ಊರಿನ ರಸ್ತೆಗಳು ಅರ್ಥವಾಗುತ್ತಿದ್ದವು. ವಿದೇಶಿ ವಿಮರ್ಶಕರು ಕಥೆಯನ್ನೂ ಹಾಡುಗಳನ್ನೂ ಕೊಂಡಾಡಿದ ಗೇಮನ್ನು ಇಲ್ಲಿಯ ಆಟಗಾರರು ಸ್ವಾತಂತ್ರ್ಯಕ್ಕಾಗಿ ಮೆಚ್ಚಿದರು.

ತುಮಕೂರಿನ ಎರಡು ಹಳೆಯ ಎಂಜಿನಿಯರಿಂಗ್ ಕಾಲೇಜುಗಳು 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, 1979ರ ಶ್ರೀ ಸಿದ್ಧಾರ್ಥ. ರಾಜ್ಯದ ಇಂಥ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ ಆಡುವ ‘ಕೌಂಟರ್ ಸ್ಟ್ರೈಕ್’ ಹೊಸ ಮಾತು ತಂದಿತು. ಯಾವ ಬಂದೂಕಿಗೆ ಹೆಚ್ಚು ಬೆಲೆ, ಯಾವ ಮ್ಯಾಪಿನಲ್ಲಿ ಯಾರಿಗೆ ಅನುಕೂಲ ಎಂದು ಸಮತೋಲದ ಮೇಲೆ ವಾದ ಶುರುವಾದದ್ದು ಅಲ್ಲಿ. ಬೀದರ್‌ನವನೂ ಮಂಗಳೂರಿನವನೂ ಕುಣಿಗಲ್‌ನವನೂ ಒಂದೇ ಕೋಣೆಯಲ್ಲಿ ಇದ್ದುದರಿಂದ ಗೇಮಿನ ಕನ್ನಡಕ್ಕೆ ಎಲ್ಲ ಸೀಮೆಯ ಮಾತೂ ಸೇರಿತು.

ಅಭಿಪ್ರಾಯ ಕೃತಿಯಾಗಿ ಬದಲಾದದ್ದು ಕ್ರಿಕೆಟ್ ಗೇಮಿನಲ್ಲಿ. ಇಎ ಕಂಪನಿ 2006ರ ನವೆಂಬರಿನಲ್ಲಿ ‘ಕ್ರಿಕೆಟ್ 07’ ಬಿಡುಗಡೆ ಮಾಡಿತು. ರಿಚಿ ಬೆನೊ ಮತ್ತು ಮಾರ್ಕ್ ನಿಕೊಲಾಸ್ ಅವರ ವೀಕ್ಷಕ ವಿವರಣೆ ಇದ್ದ ಈ ಗೇಮಿನ ಬಗ್ಗೆ ದೂರುಗಳು ಬೇಕಾದಷ್ಟಿದ್ದವು. ಸ್ಪಿನ್ನರಿಗೆ ಮುಂದೆ ನುಗ್ಗಿ ಹೊಡೆದರೆ ಸಿಕ್ಸರ್ ಖಚಿತ, ಫೀಲ್ಡರ್‌ಗಳು ಕಲ್ಲಿನಂತೆ ನಿಲ್ಲುತ್ತಾರೆ, ಭಾರತ ತಂಡದವರ ನಿಜವಾದ ಹೆಸರೇ ಇಲ್ಲ. ಆಟಗಾರರ ಹೆಸರು ಬಳಸಲು ಪರವಾನಗಿ ಇಲ್ಲದೆ ಹೆಸರುಗಳನ್ನು ತಿರುಚಲಾಗಿತ್ತು. ದ್ರಾವಿಡ್, ಕುಂಬ್ಳೆಯವರನ್ನು ಅವರ ಹೆಸರಿನಲ್ಲೇ ಆಡಿಸಬೇಕೆಂಬ ಆಸೆ ಸಣ್ಣದೇನಲ್ಲ. ದೂರಿದವರು ಸುಮ್ಮನಿರಲಿಲ್ಲ. ಹೆಸರು, ಜೆರ್ಸಿ, ಬ್ಯಾಟಿನ ಸ್ಟಿಕ್ಕರು, ಮೈದಾನ ಎಲ್ಲವನ್ನೂ ಬದಲಿಸುವ ‘ಪ್ಯಾಚ್’ಗಳನ್ನು ಅಭಿಮಾನಿಗಳೇ ಮಾಡಿದರು. 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಆರ್‌ಸಿಬಿ ಸಹಿತ ಎಲ್ಲ ತಂಡಗಳ ಪ್ಯಾಚ್‌ಗಳು ಪೆನ್‌ಡ್ರೈವ್‌ನಲ್ಲಿ ಊರೂರು ತಿರುಗಿದವು. ಇಎ ಮುಂದಿನ ಕ್ರಿಕೆಟ್ ಗೇಮ್ ತರಲಿಲ್ಲ. ಕಂಪನಿ ಕೈಬಿಟ್ಟ ಗೇಮ್ ಇಷ್ಟು ವರ್ಷ ಬದುಕಿರುವುದು ಅದರ ಮೇಲೆ ದೂರು ಹೇಳಿದವರ ದುಡಿಮೆಯಿಂದ. ಗೇಮಿನ ಅಭಿಪ್ರಾಯ ಇದಕ್ಕಿಂತ ಎತ್ತರಕ್ಕೆ ಏರಿದ ಇನ್ನೊಂದು ಉದಾಹರಣೆ ಈ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಇದೇ ಹೊತ್ತಿಗೆ ಅಚ್ಚಿನಲ್ಲಿ ನಡೆದದ್ದು ಕಡಿಮೆ. ‘ಡಿಜಿಟ್’ ಮತ್ತು ಅದರ ಬಳಗದ ‘ಸ್ಕೋರ್’ ಪತ್ರಿಕೆಗಳು ಇಂಗ್ಲಿಷಿನಲ್ಲಿ ಗೇಮ್ ವಿಮರ್ಶೆ ಕೊಡುತ್ತಿದ್ದವು. ಡಿಜಿಟ್ ಜೊತೆ ಬರುತ್ತಿದ್ದ ಡಿಸ್ಕಿನಲ್ಲಿದ್ದ ಗೇಮ್ ತುಣುಕುಗಳಿಗಾಗಿಯೇ ಅದನ್ನು ಕೊಳ್ಳುವವರಿದ್ದರು. ಕನ್ನಡ ದಿನಪತ್ರಿಕೆಗಳ ತಂತ್ರಜ್ಞಾನ ಅಂಕಣಗಳಲ್ಲಿ ಗೇಮ್ ಸಾಮಾನ್ಯವಾಗಿ ಫೋನಿನ ವೇಗ ಅಳೆಯುವ ಸಾಧನವಾಗಿ ಬರುತ್ತಿತ್ತು. ಈ ಫೋನಿನಲ್ಲಿ ಮೂರು ಆಯಾಮದ ಆಟ ಆಡಬಹುದು ಎಂಬುದರ ಆಚೆಗೆ ಆ ಆಟ ಹೇಗಿದೆ ಎಂಬ ಪ್ರಶ್ನೆಗೆ ಜಾಗ ಸಿಗಲಿಲ್ಲ. ಸಿನಿಮಾ ವಿಮರ್ಶೆಗೆ ವಾರಕ್ಕೊಂದು ಪುಟ ಕೊಟ್ಟ ಪತ್ರಿಕೋದ್ಯಮ ಈ ಕ್ಷೇತ್ರವನ್ನು ಕೈಬಿಟ್ಟದ್ದು ನಷ್ಟವೇ ಸರಿ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, 2018ರ ಮಾರ್ಚಿನಲ್ಲಿ ‘ಪಬ್ಜಿ ಮೊಬೈಲ್’. ಅಗ್ಗದ ಡೇಟಾ ಮತ್ತು ಮೈಕ್ ಸೇರಿದ್ದೇ ತಡ, ಅಭಿಪ್ರಾಯ ಗೇಮಿನ ಒಳಗೇ ಹೇಳುವಂಥದ್ದಾಯಿತು. ಹಳೆಯ ಆಟಗಾರ ಆಡಿ ಮುಗಿಸಿ ಮಾತಾಡುತ್ತಿದ್ದ. ಈಗ ನಾಲ್ವರ ತಂಡ ಆಡುತ್ತಲೇ ಮಾತಾಡುತ್ತದೆ. ‘ಝೋನ್ ಬರ್ತೈತೆ, ಒಳಕ್ ಬಾರ್ಲಾ’, ‘ನಾಕ್ ಆದೆ ಮಗಾ, ರಿವೈವ್ ಕೊಡು’, ‘ಲ್ಯಾಗ್ ಹೊಡೀತೈತೆ ಕಣ್ಲಾ, ಇವತ್ತು ಬೇಡ’ ಎಂಬಂಥ ಮಾತುಗಳಲ್ಲಿ ಅರ್ಧ ತಂತ್ರ, ಅರ್ಧ ತೀರ್ಪು. ಗುಬ್ಬಿಯ ಹಳ್ಳಿಯಲ್ಲಿ ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಹುಡುಗನಿಗೆ ಗೇಮಿನ ಗುಣ ಪಿಂಗ್‌ನಲ್ಲೇ, ಅಂದರೆ ನೆಟ್‌ವರ್ಕ್ ಎಷ್ಟು ತಡಮಾಡುತ್ತದೆ ಎಂಬುದರಲ್ಲೇ ಇರುತ್ತದೆ.

ಇದರಿಂದಲೇ ‘ಪಬ್ಜಿ’ಯೋ ‘ಫ್ರೀ ಫೈರ್’ ಗೇಮೋ ಎಂಬ ದೊಡ್ಡ ಜಗಳ ಹುಟ್ಟಿತು. ಪಬ್ಜಿಯಲ್ಲಿ ನೂರು ಜನ, ಒಂದು ಪಂದ್ಯಕ್ಕೆ ಅರ್ಧ ಗಂಟೆ. 2017ರಲ್ಲಿ ಬಂದ ಫ್ರೀ ಫೈರ್‌ನಲ್ಲಿ ಐವತ್ತು ಜನ, ಹತ್ತು ನಿಮಿಷ, ಕಡಿಮೆ ರ್‍ಯಾಮ್ ಇರುವ ಫೋನಿನಲ್ಲೂ ಓಡುತ್ತದೆ. ಪಬ್ಜಿಯವರು ಫ್ರೀ ಫೈರ್ ಬೊಂಬೆಯಾಟ ಎಂದು ಹಂಗಿಸಿದರು. ಫ್ರೀ ಫೈರ್‌ನವರು ಅದರ ಓಟದ ಚುರುಕು, ಒಬ್ಬೊಬ್ಬ ಪಾತ್ರಕ್ಕೂ ಇರುವ ಬೇರೆ ಬೇರೆ ಶಕ್ತಿ, ಗ್ಲೂ ವಾಲ್ ಎಂಬ ದಿಢೀರ್ ಗೋಡೆ ಇವನ್ನು ಎತ್ತಿ ಹಿಡಿದರು. ಗುಣದ ವಾದ ಎಂದು ನಡೆದದ್ದರ ಅಡಿಯಲ್ಲಿ ಫೋನಿನ ಬೆಲೆಯ ವಾದವೂ ಇತ್ತು. ತುಮಕೂರು ಪೇಟೆಯ ಹುಡುಗನಿಗೂ ಕೋರ ಹೋಬಳಿಯ ಹುಡುಗನಿಗೂ ಒಂದೇ ಗೇಮ್ ಒಂದೇ ಥರ ಕಾಣುವುದಿಲ್ಲ ಎಂಬುದನ್ನು ಮರೆತರೆ ಈ ಜಗಳ ಅರ್ಥವಾಗದು.

ಆಟದ ನೇರ ಪ್ರಸಾರದಲ್ಲಿ ಮೊದಲು ಆಳಿದ್ದು ಹಿಂದಿ. ‘ಮಾರ್ಟಲ್’, ‘ಡೈನಮೊ’ ಹೆಸರಿನ ಆಟಗಾರರ ವಿಡಿಯೊಗಳನ್ನು ಕರ್ನಾಟಕದ ಹುಡುಗರೂ ನೋಡಿದರು. ಅದರ ಬೆನ್ನಲ್ಲೇ ಕನ್ನಡದಲ್ಲಿ ಆಡುತ್ತಾ ಮಾತಾಡುವವರು ಯೂಟ್ಯೂಬಿನಲ್ಲಿ ಹೆಚ್ಚಿದರು. ‘ಜಿಟಿಎ 5’, ‘ಮೈನ್‌ಕ್ರಾಫ್ಟ್’ ಮೊದಲಾದವನ್ನು ಕನ್ನಡದಲ್ಲಿ ವಿವರಿಸುತ್ತಾ ಆಡುವ ವಿಡಿಯೊಗಳಿಂದ ಹಿಂದೆ ಬರೀ ಚೀಟ್ ಕೋಡ್ ಆಗಿದ್ದ ಗೇಮ್‌ಗಳ ಕಥೆ ಮೊದಲ ಸಲ ಕನ್ನಡದಲ್ಲಿ ಕೇಳಿಸಿತು. ಇದು ಈ ಕ್ಷೇತ್ರದ ದೊಡ್ಡ ಗಳಿಕೆ.

ಸಾರ್ವಜನಿಕ ಮಾತು ಮಾತ್ರ ಬೇರೆ ಹಾದಿಯಲ್ಲಿತ್ತು. 2019ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಪರೀಕ್ಷೆಯ ಬಗ್ಗೆ ನಡೆಸಿದ ಸಂವಾದದಲ್ಲಿ ತಾಯಿಯೊಬ್ಬರು ಮಗನ ಆಟದ ಗೀಳು ತೋಡಿಕೊಂಡಾಗ, ಅವನು ಪಬ್ಜಿಯವನೇ ಎಂದು ಪ್ರಧಾನಿ ಕೇಳಿದ್ದು ದೇಶದ ತುಂಬ ಸುದ್ದಿಯಾಯಿತು. ಪತ್ರಿಕೆಗಳಲ್ಲಿ ಗೇಮ್ ಬರುತ್ತಿದ್ದದ್ದು ಹೆಚ್ಚಾಗಿ ಗೀಳಿನ ಸುದ್ದಿಯಾಗಿ, ಅಪರಾಧದ ಸುದ್ದಿಯಾಗಿ. ತಂದೆತಾಯಿಯ ಆತಂಕ ಸುಳ್ಳಲ್ಲ. ಆದರೆ ಆಡುವವರ ಮಾತನ್ನು ಕೇಳದೆ ನಡೆದ ಚರ್ಚೆ ಅದು. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಸೇರಿ 118 ಆ್ಯಪ್‌ಗಳಿಗೆ ನಿಷೇಧ ಬಿತ್ತು. 2021ರ ಜುಲೈನಲ್ಲಿ ಅದೇ ಗೇಮ್ ‘ಬಿಜಿಎಂಐ’ ಆಗಿ ಬಂದು, 2022ರ ಜುಲೈನಲ್ಲಿ ಮರೆಯಾಗಿ, 2023ರ ಮೇ ಕೊನೆಯಲ್ಲಿ ಮರಳಿತು. ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆಯ ಮಿತಿ ಇತ್ತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧಕ್ಕೆ ಸಿಕ್ಕಿತು, ‘ಫ್ರೀ ಫೈರ್ ಮ್ಯಾಕ್ಸ್’ ಉಳಿಯಿತು. ಪ್ರತಿ ಸಲವೂ ಆಟಗಾರರ ಮಾತು ಗೇಮಿನ ಗುಣದಿಂದ ಅದರ ಆಯಸ್ಸಿನ ಕಡೆಗೆ ತಿರುಗಿತು. ಹಾಕಿದ ದುಡ್ಡು, ಗಳಿಸಿದ ರ್‍ಯಾಂಕ್, ಕೊಂಡ ಉಡುಪು ಉಳಿಯುತ್ತವೆಯೇ ಎಂಬುದೇ ಮೊದಲ ಪ್ರಶ್ನೆಯಾಯಿತು.

ಗೇಮ್ ಪಾರ್ಲರ್, ಸೈಬರ್ ಸೆಂಟರ್, ಹುಡುಗರ ಹಾಸ್ಟೆಲ್ ಮೂರೂ ಹೆಣ್ಣುಮಕ್ಕಳಿಗೆ ಸುಲಭವಾಗಿ ತೆರೆದ ಜಾಗಗಳಾಗಿರಲಿಲ್ಲ. ಆ ಕಾಲದ ಅಭಿಪ್ರಾಯವೆಲ್ಲ ಬಹುಮಟ್ಟಿಗೆ ಗಂಡುಹುಡುಗರದು. ಇದು ಬದಲಾದದ್ದು ಫೋನಿನಿಂದ, ಅದರಲ್ಲೂ 2020ರ ಲಾಕ್‌ಡೌನಿನಲ್ಲಿ. ‘ಲೂಡೊ ಕಿಂಗ್’ ಆಡುತ್ತಾ ಅಮ್ಮ, ಅತ್ತೆ, ಅಜ್ಜಿ ಎಲ್ಲರೂ ಗೇಮಿನ ಬಗ್ಗೆ ಮಾತಾಡುವವರಾದರು. ಬೇಕಾದಾಗ ಆರು ಬೀಳುವುದಿಲ್ಲ, ಮೊಬೈಲ್ ತನಗೆ ಬೇಕಾದ ಹಾಗೆ ದಾಳ ಹಾಕುತ್ತದೆ ಎಂಬ ಅವರ ಗುಮಾನಿ ಯಾವ ಪಳಗಿದ ಆಟಗಾರನ ಗುಮಾನಿಗೂ ಕಡಿಮೆಯದಲ್ಲ.

ಬರಹದ ರೂಪದಲ್ಲಿ ಕನ್ನಡಿಗರ ಅಭಿಪ್ರಾಯ ಹೆಚ್ಚು ಸಿಗುವುದು ಪ್ಲೇ ಸ್ಟೋರಿನಲ್ಲಿ. ಒಂದೆರಡು ಸಾಲು, ಕೆಲವೊಮ್ಮೆ ಕನ್ನಡ ಲಿಪಿ, ಬಹಳ ಸಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಗೇಮ್ ತಯಾರಿಕೆಯ ಕಡೆ ನೋಡಿದರೆ ಚಿತ್ರ ಬೇರೆ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸಂಸ್ಥೆಯನ್ನು 2019ರಲ್ಲಿ ವೈಸ್ ಸಿಟಿ ಮಾಡಿದ ರಾಕ್‌ಸ್ಟಾರ್ ಕಂಪನಿಯೇ ಕೊಂಡಿತು. 2012ರಲ್ಲಿ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯವೂ ಕರ್ನಾಟಕವೇ. ಗೇಮ್ ತಯಾರಿಕೆಗೆ ಇಷ್ಟು ಬೆಂಬಲ ಕೊಟ್ಟ ನಾಡಿನಲ್ಲಿ ಗೇಮ್ ವಿಮರ್ಶೆಗೆ ಒಂದು ನಿಯತಕಾಲಿಕವೂ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಅಭಿಪ್ರಾಯದ ಜೊತೆ ಜಾಹೀರಾತು ಬೆರೆತದ್ದು ಇತ್ತೀಚಿನ ಸಮಸ್ಯೆ. ಹಣ ಹೂಡಿ ಆಡುವ ರಮ್ಮಿ, ಫ್ಯಾಂಟಸಿ ಆ್ಯಪ್‌ಗಳ ಪ್ರಚಾರವೂ ಗೇಮ್ ಬಗ್ಗೆ ಹೇಳುವ ಮಾತಿನ ಧಾಟಿಯಲ್ಲೇ ಬಂತು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ಇಲಾಖೆ 2023ರ ಜನವರಿಯಲ್ಲಿ, ದುಡ್ಡು ಪಡೆದು ಹೇಳಿದ್ದನ್ನು ಹಾಗೆಂದು ತಿಳಿಸಬೇಕೆಂಬ ನಿಯಮ ತಂದವು. ಹಣದ ಆಟಗಳನ್ನು ತಡೆಯಲು ಕರ್ನಾಟಕ 2021ರ ಅಕ್ಟೋಬರಿನಿಂದ ಜಾರಿಗೆ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿತು. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ಬಗೆಯ ಗೇಮ್‌ಗಳನ್ನು ಕುರಿತ ಕನ್ನಡದ ಮಾತು ಈಗ ನಡೆಯುತ್ತಿರುವುದು ಈ ಹೊಸ ಗಡಿಯ ಒಳಗೆ.